ಕೈ ಮುಗಿದದ್ದು ಯಾರಿಗೆ? ಬ್ರಹ್ಮಾಂಡ ಪವಿತ್ರ ಅನ್ನುವ ಮಾತಿನ ಅರ್ಥ

ಇರುಳುನೋಟ (ಚರ್ಚೆ ಆರಂಭಿಸಿದವರು)

ಕಳೆದ ವಾರ ಅಮಾವಾಸ್ಯೆಗೆ ಎರಡು ದಿನ ಮೊದಲು, ನಡುರಾತ್ರಿ, ಮಹಡಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತಿದ್ದೆ. ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯನ್ನು ಒಮ್ಮೆಯಾದರೂ ಕಾಣಬೇಕು ಅನ್ನುವುದು ಬಹಳ ದಿನದ ಆಸೆ. ಕೈ ನಡುಗಿ ನಡುಗಿ ಚುಕ್ಕಿಗಳೆಲ್ಲ ಗೀರುಗಳಾಗಿ ಕಾಣುತ್ತಿದ್ದವು. ಕೊನೆಗೆ ಮೊಣಕೈ ಎರಡನ್ನೂ ಪ್ಯಾರಾಪೆಟ್ ಗೋಡೆಗೆ ಊರಿ, ಉಸಿರು ಬಿಗಿಹಿಡಿದು ನೋಡಿದಾಗ ಒಂದು ಮಸುಕು ಕಲೆ ಕಂಡಿತು. ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಉಳಿಯುತ್ತಲ್ಲ, ಅಷ್ಟೇ. ನೇರ ದಿಟ್ಟಿಸಿದರೆ ಮಾಯ. ದೃಷ್ಟಿ ಕೊಂಚ ಪಕ್ಕಕ್ಕೆ ಸರಿಸಿದರೆ ಮತ್ತೆ ಮೂಡುತ್ತಿತ್ತು.

ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಗಿದೆ. ಅದು ಹೊರಟಾಗ ನಮ್ಮ ಮನುಷ್ಯ ಜಾತಿಯೇ ಇನ್ನೂ ಹುಟ್ಟಿರಲಿಲ್ಲ. ಬೈನಾಕ್ಯುಲರ್ ಕೊರಳಿಗೆ ಬಿಟ್ಟೆ, ಕೈ ತಾನಾಗಿ ಮುಗಿಯಿತು. ನಾನು ಪೂಜೆ, ಪ್ರಾರ್ಥನೆ ಮಾಡುವವನಲ್ಲ. ಆದರೂ ಮುಗಿಯಿತು. ಅಂದಿನಿಂದ ಒಂದೇ ಪ್ರಶ್ನೆ ಕಾಡುತ್ತಿದೆ: ನಾನು ಕೈ ಮುಗಿದದ್ದು ಯಾರಿಗೆ, ಅಥವಾ ಯಾವುದಕ್ಕೆ? ಬರೀ ಅಗಾಧತೆಗಾ? ಸಾವಿರಾರು ವರ್ಷಗಳಿಂದ ಜನ ವಿಶ್ವವನ್ನು ಪವಿತ್ರ ಅನ್ನುತ್ತಲೇ ಬಂದಿದ್ದಾರಲ್ಲ, ಹಾಗೆ ಅನ್ನುವಾಗ ಅವರ ಮನಸ್ಸಿನಲ್ಲಿ ಏನಿತ್ತು? ಓದಿಕೊಂಡವರು ಹೇಳಿ. ಓದದವರೂ ಹೇಳಿ.

ಹಳೇಪುಟ

ಇರುಳುನೋಟ ಅವರೇ, ನಿಮ್ಮ ಪ್ರಶ್ನೆಗೆ ಪದಗಳ ಕಡೆಯಿಂದ ಬರುತ್ತೇನೆ, ನನಗೆ ಗೊತ್ತಿರುವ ದಾರಿ ಅದೊಂದೇ.

ಗ್ರೀಕರ ‘ಕಾಸ್ಮೊಸ್’ ಪದಕ್ಕೆ ಮೂಲದಲ್ಲಿ ವಿಶ್ವ ಅನ್ನುವ ಅರ್ಥವೇ ಇರಲಿಲ್ಲ. ಓರಣ, ಒಪ್ಪ, ಅಲಂಕಾರ ಅನ್ನುವ ಅರ್ಥ. ಹೋಮರನ ಕಾವ್ಯದಲ್ಲಿ ಸೈನ್ಯವನ್ನು ಸಾಲುಗೂಡಿಸುವುದಕ್ಕೂ ದೇವಿಯ ಒಡವೆಗೂ ಇದೇ ಬೇರಿನ ಮಾತು. ‘ಕಾಸ್ಮೆಟಿಕ್’ ಹುಟ್ಟಿದ್ದೂ ಇದೇ ಬೇರಿನಿಂದ. ಇಡೀ ಜಗತ್ತಿಗೆ ಆ ಹೆಸರನ್ನು ಮೊದಲು ಇಟ್ಟವನು ಪೈಥಾಗೊರಸ್ ಎಂದು ಹಿಂದಿನವರು ನಂಬಿದ್ದರು. ಅಂದರೆ ಆಕಾಶ ನೋಡಿ ಅವರಿಗೆ ಮೊದಲು ಹೊಳೆದದ್ದು ‘ಎಷ್ಟು ದೊಡ್ಡದು’ ಅಂತಲ್ಲ, ‘ಎಷ್ಟು ಒಪ್ಪವಾಗಿದೆ’ ಅಂತ.

ನಮ್ಮ ಕಡೆಯ ಪದಗಳು ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ. ಜಗತ್ತು ಅಂದರೆ ಚಲಿಸುತ್ತಲೇ ಇರುವುದು. ಲೋಕ ಅಂದರೆ ಕಾಣುವುದು. ಬ್ರಹ್ಮಾಂಡ ಅಂದರೆ ಮೊಟ್ಟೆ, ಒಳಗೆ ಜೀವ ಇಟ್ಟುಕೊಂಡದ್ದು. ಆದರೆ ವೇದದ ಋಷಿಗಳು ಪವಿತ್ರ ಎಂದು ಹಿಡಿದದ್ದು ಇವುಗಳಿಗಿಂತ ಹೆಚ್ಚಾಗಿ ಋತವನ್ನು. ಸೂರ್ಯ ದಾರಿ ತಪ್ಪದೆ ಬರುವುದೂ ಋತ, ಮನುಷ್ಯ ಮಾತಿಗೆ ತಪ್ಪದೆ ಇರುವುದೂ ಋತ. ಋತು ಕೂಡ ಅದೇ ಬೇರಿನದು. ಈಗಲೂ ಸುಳ್ಳಿಗೆ ನಾವು ‘ಅನೃತ’ ಅನ್ನುತ್ತೇವೆ. ಸುಳ್ಳು ಹೇಳಿದವನು ಎದುರಿನ ಒಬ್ಬನಿಗಷ್ಟೇ ಅಲ್ಲ, ಸೂರ್ಯನನ್ನು ನಡೆಸುವ ಕಟ್ಟಳೆಗೇ ಎದುರು ನಿಂತಂತೆ. ಪಾರಸಿಕರ ‘ಅಶ’ ಈ ಋತದ ಒಡಹುಟ್ಟಿದ ಪದ. ಈಜಿಪ್ಟಿನವರ ‘ಮಾತ್’ ಬೇರೆ ಭಾಷೆಯದು, ಆದರೆ ಭಾವ ಅದೇ: ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ, ಮಾತ್ ದೇವಿಯ ಗರಿಯನ್ನು ಇನ್ನೊಂದರಲ್ಲಿ ಇಟ್ಟು ತೂಗುತ್ತಿದ್ದರು.

ಹಾಗಾಗಿ ನನ್ನ ಉತ್ತರ: ಹಳಬರಿಗೆ ವಿಶ್ವ ಪವಿತ್ರವಾದದ್ದು ಅದರ ಗಾತ್ರದಿಂದಲ್ಲ, ಅದು ನಂಬಿಕೆಗೆ ತಪ್ಪದೆ ಇರುವುದರಿಂದ.

ಕಲ್ಪಗಣಿತ

ಎಲ್ಲರಿಗೂ ನಮಸ್ಕಾರ. ಗಾತ್ರ ಮುಖ್ಯ ಅಲ್ಲ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಪುರಾಣಗಳ ಹೆಗ್ಗಳಿಕೆಯೇ ಅದು. ಬ್ರಹ್ಮನ ಒಂದು ಹಗಲು ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ಅಂತ ಇವತ್ತಿನ ವಿಜ್ಞಾನ ಹೇಳುತ್ತದೆ. ಉಪಕರಣ ಇಲ್ಲದ ಕಾಲದಲ್ಲಿ ಇಷ್ಟು ಹತ್ತಿರ ಬಂದದ್ದು ಹೇಗೆ? ಋಷಿಗಳು ಕಂಡಿದ್ದರು, ಅದಕ್ಕೇ ಅದು ಪವಿತ್ರ ಜ್ಞಾನ.

ಪಾಠದಕೋಣೆ

ಕಲ್ಪಗಣಿತ ಸರ್, ನಾನು ಭೌತಶಾಸ್ತ್ರ ಪಾಠ ಮಾಡುವವಳು. ಈ ಪ್ರಶ್ನೆ ತರಗತಿಯಲ್ಲಿ ಪ್ರತಿ ವರ್ಷ ಬರುತ್ತದೆ, ಮಕ್ಕಳಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಆ ಸಂಖ್ಯೆ ಹುಟ್ಟಿದ ಬಗೆ ನೋಡಿ. ಕಲಿಯುಗ 4,32,000 ವರ್ಷ. ಅದರ ಹತ್ತು ಪಟ್ಟು ಒಂದು ಮಹಾಯುಗ, 43,20,000. ಅಂಥ ಸಾವಿರ ಸೇರಿದರೆ ಕಲ್ಪ. ಇದು ಕಾಲಚಕ್ರದ ಲೆಕ್ಕ, ಬಂಡೆಗಲ್ಲಿನ ವಯಸ್ಸು ಅಳೆದ ಲೆಕ್ಕ ಅಲ್ಲ. ಭೂಮಿಯ ಪಕ್ಕ ಇಟ್ಟರೆ ಹತ್ತಿರ ಬಂತು ಅನ್ನುತ್ತೀರಿ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ, ಅದರ ಪಕ್ಕ ಇಟ್ಟರೆ? ಹೊಂದಿದ್ದನ್ನು ಆರಿಸಿಕೊಂಡು ಹೊಂದದ್ದನ್ನು ಬಿಟ್ಟರೆ ಋಷಿಗಳಿಗೂ ಗೌರವ ಅಲ್ಲ, ವಿಜ್ಞಾನಕ್ಕೂ ಅಲ್ಲ.

ಧರ್ಮದ ಮಾತಿಗೆ ವಿಜ್ಞಾನದ ಸಾಕ್ಷಿ ಬೇಕು ಅನ್ನುವುದು ನಮ್ಮೊಬ್ಬರದೇ ಆಸೆ ಅಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ‘ಆದಿ ಪರಮಾಣು’ವಿನಿಂದ ಹೊರಟಿತು ಎಂದು 1931ರಲ್ಲಿ ಬರೆದ ಜಾರ್ಜ್ ಲೆಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್, ಹೊಸ ವಿಜ್ಞಾನ ಸೃಷ್ಟಿಯ ಮಾತಿಗೆ ಸಾಕ್ಷಿ ಹೇಳುತ್ತಿದೆ ಅನ್ನುವ ಧಾಟಿಯಲ್ಲಿ ಭಾಷಣ ಮಾಡಿದಾಗ ಮುಜುಗರಪಟ್ಟವರು ಇದೇ ಲೆಮೆತ್ರ್. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗೆ ಹೊರತಾದದ್ದು ಎಂಬುದು ಅವರ ನಿಲುವು. ಅವರಿಗೆ ದೇವರ ಮೇಲೆ ನಂಬಿಕೆ ಕಡಿಮೆ ಇತ್ತು ಅಂತಲ್ಲ. ನಾಳೆ ಸಿದ್ಧಾಂತ ತಿದ್ದಬೇಕಾಗಿ ಬಂದರೆ ದೇವರನ್ನೂ ತಿದ್ದಬೇಕಾಗುತ್ತದಲ್ಲ?

ನಾನು ಋಗ್ವೇದಕ್ಕೆ ತಲೆ ಬಾಗುವುದು 10ನೇ ಮಂಡಲದ ನಾಸದೀಯ ಸೂಕ್ತದ ಮುಂದೆ. ಆಗ ಇರುವುದೂ ಇರಲಿಲ್ಲ, ಇಲ್ಲದ್ದೂ ಇರಲಿಲ್ಲ ಎಂದು ಶುರುವಾಗಿ, ಈ ಸೃಷ್ಟಿ ಎಲ್ಲಿಂದ ಬಂತೋ ಮೇಲಿನ ವ್ಯೋಮದಲ್ಲಿ ಇದನ್ನು ನೋಡಿಕೊಳ್ಳುವವನೇ ಬಲ್ಲ, ‘ಯದಿ ವಾ ನ ವೇದ’, ಅವನೂ ಅರಿಯನೋ ಏನೋ ಅಂತ ನಿಲ್ಲುತ್ತದೆ. ತರಗತಿಯಲ್ಲಿ ಇದನ್ನು ಓದಿದ ದಿನ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ.

ಕಲ್ಪಗಣಿತ

ಮೇಡಂ, ನೀವು ಹೇಳಿದ ರೀತಿಗೆ ಧನ್ಯವಾದ. ಹೊಂದಿದ್ದನ್ನು ಆರಿಸಿಕೊಂಡೆ ಅನ್ನುವುದು ನಿಜ, ಒಪ್ಪಿದೆ. ಆದರೆ ಆ ದೊಡ್ಡ ಸಂಖ್ಯೆ ನನಗೆ ಮುಖ್ಯವಾಗಿರುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಮೊದಲೇ ಹೇಳಬೇಕಿತ್ತು.

ಪೂಜೆಗೆ ಮೊದಲು ಹೇಳುವ ಸಂಕಲ್ಪದ ಸಾಲುಗಳನ್ನು ಗಮನಿಸಿದ್ದೀರಾ? ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಅದರ ಪ್ರಥಮ ಪಾದ. ಅಲ್ಲಿಂದ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಕೋಟಿ ಕೋಟಿ ವರ್ಷಗಳಿಂದ ಇಳಿದು ಇಳಿದು ಇವತ್ತಿಗೆ, ಕೊನೆಗೆ ನೀರು ಹಿಡಿದು ಕೂತ ಒಬ್ಬ ಮನುಷ್ಯನ ಹೆಸರಿಗೆ ಬಂದು ನಿಲ್ಲುತ್ತದೆ. ಅಷ್ಟು ದೊಡ್ಡ ಕಾಲದಲ್ಲಿ ನಾನು ಕೂತಿರುವ ಜಾಗ ಇದು ಅಂತ ಬೆರಳಿಟ್ಟು ತೋರಿಸಿದ ಹಾಗೆ. ಚಿಕ್ಕಂದಿನಲ್ಲಿ ಅರ್ಥವಾಗದೆ ಒಪ್ಪಿಸುತ್ತಿದ್ದೆ. ಅರ್ಥವಾದ ಮೇಲೆ ಅದನ್ನು ಅವಸರದಲ್ಲಿ ಹೇಳುವುದಕ್ಕೆ ಆಗುವುದಿಲ್ಲ.

ಅನಾದಿನಿಧನ

ಈ ಚರ್ಚೆಯಲ್ಲಿ ಇನ್ನೂ ಯಾರೂ ಮುಟ್ಟದ ಒಂದು ಮಾತು. ಸೃಷ್ಟಿಕರ್ತ ಇಲ್ಲದೆಯೂ ವಿಶ್ವದ ಬಗ್ಗೆ ಆಳವಾದ ಭಯಭಕ್ತಿ ಸಾಧ್ಯವೇ? ಸಾಧ್ಯ. ನಾನು ಹುಟ್ಟಿ ಬೆಳೆದ ಜೈನ ದರ್ಶನ ಅದಕ್ಕೆ ಸಾಕ್ಷಿ.

9ನೇ ಶತಮಾನದ ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ಸೃಷ್ಟಿವಾದಿಗಳನ್ನು ಒಂದೊಂದಾಗಿ ಕೇಳುತ್ತಾರೆ. ದೇವರು ಲೋಕವನ್ನು ಮಾಡಿದ ಅನ್ನುವುದಾದರೆ ಮಾಡುವ ಮುಂಚೆ ಅವನು ಎಲ್ಲಿ ನಿಂತಿದ್ದ? ದೇಹವೇ ಇಲ್ಲದವನು ದೇಹವುಳ್ಳ ಲೋಕವನ್ನು ಹೇಗೆ ಮಾಡಿದ? ಅವನಿಗೆ ಕೊರತೆ ಇಲ್ಲ ಅನ್ನುವುದಾದರೆ ಮಾಡುವ ಆಸೆ ಎಲ್ಲಿಂದ ಬಂತು? ಲೋಕಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಯಾರೂ ಮಾಡಿದ್ದಲ್ಲ, ಅದು ತನ್ನ ಸ್ವಭಾವದಿಂದಲೇ ನಿಂತಿದೆ ಅನ್ನುವುದು ನಮ್ಮವರ ತೀರ್ಮಾನ. ಕಾಲು ಅಗಲಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತ ಮನುಷ್ಯನ ಆಕಾರದಲ್ಲಿ ಲೋಕವನ್ನು ಬರೆಯುತ್ತಾರೆ. ಎತ್ತರ 14 ರಜ್ಜು, ಅದು ಲೋಕವನ್ನು ಅಳೆಯುವ ನಮ್ಮವರ ಅಳತೆ. ನಾವಿರುವ ಮಧ್ಯಲೋಕ ಅವನ ನಡುವಿನ ಮಟ್ಟದ ಒಂದು ತೆಳು ಪದರ.

ಮೂಲ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಲೋಕಕ್ಕೆ ಕೈಮುಗಿ ಎಂದು ಯಾರೂ ಹೇಳುವುದಿಲ್ಲ. ಆದರೆ ಲೋಕ ಜೀವದಿಂದ ಇಡುಕಿರಿದಿದೆ ಅನ್ನುತ್ತಾರೆ. ಮಣ್ಣೇ ಮೈಯಾದ ಜೀವ, ನೀರೇ ಮೈಯಾದ ಜೀವ, ಬೆಂಕಿ, ಗಾಳಿ, ಹಸಿರು ಎಲ್ಲವೂ. ಇರುಳುನೋಟ ಅವರೇ, ನೀವು ಮೇಲೆ ನೋಡಿ ಕೈ ಮುಗಿದಿರಿ. ನಮ್ಮ ಸಾಧುಗಳು ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡು ನಡೆಯುತ್ತಾರೆ. ನನ್ನ ಮಟ್ಟಿಗೆ ಎರಡೂ ಒಂದೇ ಗೌರವ.

ಗುರುತುಗಳು

ಅಸ್ಸಲಾಮು ಅಲೈಕುಂ, ನಮಸ್ಕಾರ. ‘ವಿಶ್ವ ಪವಿತ್ರ’ ಅನ್ನುವ ಮಾತನ್ನೇ ಸ್ವಲ್ಪ ಅನುಮಾನದಿಂದ ನೋಡುವ ಪರಂಪರೆ ನನ್ನದು. ಆದರೆ ಆ ಅನುಮಾನ ತಾತ್ಸಾರದಿಂದ ಬಂದದ್ದಲ್ಲ.

ಕುರ್‌ಆನಿನ ವಚನಕ್ಕೆ ‘ಆಯತ್’ ಅನ್ನುತ್ತಾರೆ. ಸೃಷ್ಟಿಯ ಗುರುತಿಗೂ ಅದೇ ಪದ. ಓದುವ ಸಾಲೂ ಆಯತ್, ಸರಿಯುವ ಮೋಡವೂ ಆಯತ್. 41ನೇ ಅಧ್ಯಾಯದಲ್ಲಿ ಎರಡು ಮಾತು ಬರುತ್ತದೆ. ಸೂರ್ಯನಿಗಾಗಲಿ ಚಂದ್ರನಿಗಾಗಲಿ ಸಾಷ್ಟಾಂಗ ಬೀಳಬೇಡಿ, ಅವುಗಳನ್ನು ಸೃಷ್ಟಿಸಿದವನಿಗೆ ಬೀಳಿ ಎನ್ನುವುದು 37ನೆಯ ವಚನ. ದಿಗಂತಗಳಲ್ಲೂ ಅವರೊಳಗೂ ನಮ್ಮ ಗುರುತುಗಳನ್ನು ಅವರಿಗೆ ತೋರಿಸುತ್ತೇವೆ ಎನ್ನುವುದು 53ನೆಯದು. ಒಂದು ‘ಇಲ್ಲಿ ನಿಲ್ಲಬೇಡ’ ಅನ್ನುತ್ತದೆ, ಇನ್ನೊಂದು ‘ಇಲ್ಲಿಂದಲೇ ನೋಡು’ ಅನ್ನುತ್ತದೆ. ಪೈಗಂಬರ್ ಇಬ್ರಾಹೀಮರು ನಕ್ಷತ್ರವನ್ನು ನೋಡಿ ಇದೇ ನನ್ನ ಪ್ರಭು ಎನ್ನುತ್ತಾರೆ, ಅದು ಮುಳುಗುತ್ತದೆ. ಚಂದ್ರ, ಸೂರ್ಯ ಕೂಡ ಹಾಗೇ. ಮುಳುಗುವುದನ್ನು ನಾನು ಪ್ರೀತಿಸಲಾರೆ ಅನ್ನುತ್ತಾರೆ ಅವರು.

ಬೈಬಲಿನ ಆದಿಕಾಂಡದಲ್ಲೂ ಸೂರ್ಯ, ಚಂದ್ರರನ್ನು ಹೆಸರು ಹಿಡಿದು ಕರೆಯದೆ ‘ದೊಡ್ಡ ಬೆಳಕು, ಚಿಕ್ಕ ಬೆಳಕು’ ಅಂದುಬಿಡುತ್ತಾರೆ. ಸುತ್ತಲಿನ ನಾಡುಗಳೆಲ್ಲ ಸೂರ್ಯನನ್ನು ಪೂಜಿಸುತ್ತಿದ್ದ ಕಾಲದಲ್ಲಿ ಹಾಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು. ಇರುಳುನೋಟ ಭಾಯ್, ನಿಮ್ಮ ಕೈ ಮುಗಿದದ್ದು ಆ ಕಲೆಗಲ್ಲ, ಆ ಕಲೆ ಯಾವುದರ ಗುರುತೋ ಅದಕ್ಕೆ ಎಂದು ನನ್ನ ನಂಬಿಕೆ.

ಹಳೇಪುಟ

ಗುರುತುಗಳು ಅವರ ಮಾತಿಗೆ ಎದುರು ದಡದಲ್ಲಿ ನಿಂತವನು ಸ್ಪಿನೋಜ. ದೇವರು ಬೇರೆ, ಪ್ರಕೃತಿ ಬೇರೆ ಅಲ್ಲವೇ ಅಲ್ಲ ಅನ್ನುವುದು ಅವನ ತತ್ತ್ವ. 1656ರಲ್ಲಿ, 23ನೇ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮಿನ ಯೆಹೂದಿ ಸಮುದಾಯ ಅವನನ್ನು ಬಹಿಷ್ಕರಿಸಿತು. ನೀವು ದೇವರನ್ನು ನಂಬುತ್ತೀರಾ ಎಂದು 1929ರಲ್ಲಿ ಒಬ್ಬ ರಬ್ಬಿ ತಂತಿ ಕಳಿಸಿ ಕೇಳಿದಾಗ, ಸ್ಪಿನೋಜನ ದೇವರನ್ನು ನಂಬುತ್ತೇನೆ ಎಂದವರು ಐನ್‌ಸ್ಟೈನ್.

ಈ ಎರಡು ದಡಗಳ ನಡುವಿನ ಜಾಗದಲ್ಲಿ ನಮ್ಮ ಆಚಾರ್ಯರು ಇದ್ದಾರೆ. ಜಗತ್ತು ಭಗವಂತನ ಶರೀರ ಅನ್ನುತ್ತಾರೆ ರಾಮಾನುಜರು. ಶರೀರವೇ ನಾನಲ್ಲ, ಆದರೆ ಅದನ್ನು ಮುಟ್ಟಿದರೆ ನನ್ನನ್ನು ಮುಟ್ಟಿದಂತೆ ಅಲ್ಲವೇ? ಮಧ್ವರು ಜಗತ್ತು ಪೂರ್ತಿ ಸತ್ಯ, ದೇವರಿಂದ ಪೂರ್ತಿ ಬೇರೆ, ಆದರೆ ಪೂರ್ತಿ ಅವನ ಅಧೀನ ಅನ್ನುತ್ತಾರೆ. ಶಂಕರರ ‘ಜಗತ್ತು ಮಿಥ್ಯೆ’ ಅನ್ನುವ ಮಾತು ಎಲ್ಲರಿಗೂ ಗೊತ್ತು. ಒಂದು ಮಾತು ಮಾತ್ರ ಸೇರಿಸುತ್ತೇನೆ: ಮಿಥ್ಯೆ ಅಂದರೆ ಸುಳ್ಳು ಅಂತ ಅರ್ಥ ಮಾಡಿಕೊಂಡು ಅವರನ್ನು ಜಗತ್ತಿನ ವೈರಿ ಮಾಡುವುದು ಅನ್ಯಾಯ.

ಬೆರಳೋದು

ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಹುಟ್ಟಿನಿಂದ ನನಗೆ ದೃಷ್ಟಿ ಇಲ್ಲ. ಮೊಬೈಲ್ ಓದಿ ಹೇಳುತ್ತದೆ, ಕೇಳಿಸಿಕೊಳ್ಳುತ್ತೇನೆ. ಮೇಲಿನ ಎಲ್ಲವನ್ನೂ ಎರಡು ಸಲ ಕೇಳಿದೆ.

ವಿಶ್ವದ ಪವಿತ್ರತೆ ಅಂದ ಕೂಡಲೇ ಎಲ್ಲರೂ ನಕ್ಷತ್ರದಿಂದ ಶುರು ಮಾಡುತ್ತೀರಿ. ದೂರು ಅಲ್ಲ ಇದು, ನಿಜವಾಗಿ ಕೇಳುತ್ತಿದ್ದೇನೆ. ಆಕಾಶ ನೋಡುವುದರಿಂದಲೇ ಆ ಭಾವ ಹುಟ್ಟುವುದಾದರೆ ನಾನು ಅದರ ಹೊರಗಿನವಳೇ?

ಶಾಲೆಯಲ್ಲಿದ್ದಾಗ ಒಬ್ಬ ಟೀಚರ್ ದಪ್ಪ ಕಾಗದದ ಮೇಲೆ ಸಪ್ತರ್ಷಿ ಮಂಡಲವನ್ನು ಉಬ್ಬುಚುಕ್ಕಿಗಳಲ್ಲಿ ಮಾಡಿಕೊಟ್ಟಿದ್ದರು. ಬ್ರೈಲ್‌ನಲ್ಲಿ ಒಂದು ಅಕ್ಷರಕ್ಕೆ ಹೆಚ್ಚೆಂದರೆ ಆರು ಚುಕ್ಕಿ. ಇಲ್ಲಿ ಏಳು, ಅದೂ ದೂರ ದೂರ. ಬೆರಳು ಅಭ್ಯಾಸಬಲದಿಂದ ಅಕ್ಷರ ಹುಡುಕುತ್ತಿತ್ತು, ಯಾವ ಅಕ್ಷರವೂ ಆಗಲಿಲ್ಲ. ನಾಲ್ಕು ಚುಕ್ಕಿಯ ಚೌಕ, ಅದರಿಂದ ಬಾಗಿ ಹೋದ ಮೂರು. ಬಾಲದ ತುದಿಯಿಂದ ಎರಡನೆಯದರ ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಒರಟು, ಬಹುಶಃ ಕಾಗದದ ದೋಷ. ‘ಇದನ್ನು ಓದುವುದಲ್ಲ, ಇದು ಇರುವುದೇ ಹೀಗೆ’ ಅಂದರು ಟೀಚರ್. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಬಸವಣ್ಣನವರ ವಚನ ನನಗೆ ಆಗ ಕಲಿತದ್ದು. ‘ಜಗದಗಲ ಮುಗಿಲಗಲ ಮಿಗೆಯಗಲ ನಿಮ್ಮಗಲ.’ ಪಾದ ಪಾತಾಳದಿಂದಲೂ ಆಚೆ, ಮುಕುಟ ಬ್ರಹ್ಮಾಂಡದಿಂದಲೂ ಆಚೆ. ಅಂಥದ್ದು ‘ಎನ್ನ ಕರಸ್ಥಲಕ್ಕೆ ಬಂದು ಚುಳುಕಾದಿರಯ್ಯಾ’. ಅದರಲ್ಲಿ ‘ಅಗೋಚರ’ ಅನ್ನುವ ಮಾತೂ ಇದೆ. ಅಗೋಚರ ಅಂದ ಮೇಲೆ ಕಣ್ಣಿದ್ದವರೂ ನಾನೂ ಒಂದೇ ಕಡೆ ನಿಂತ ಹಾಗಾಯಿತು. ಮುಗಿಲಗಲ ಅಂದರೆ ಎಷ್ಟು ಅಂತ ನನಗೆ ಗೊತ್ತಿಲ್ಲ. ಆದರೆ ಕೈಯೊಳಗೆ ಬಂದದ್ದು ಅಂದರೆ ಏನು ಅನ್ನುವುದು ಚೆನ್ನಾಗಿ ಗೊತ್ತು.

ಇರುಳುನೋಟ

ಅಕ್ಕಾ, ಏನು ಬರೆಯಬೇಕು ತಿಳಿಯುತ್ತಿಲ್ಲ. ಪ್ರಶ್ನೆ ಕೇಳಿದ್ದು ನಾನು, ಪ್ರಶ್ನೆಯನ್ನು ಸರಿಯಾಗಿ ಇಟ್ಟದ್ದು ನೀವು. ಮತ್ತೆ ಯೋಚಿಸಿ ಬರೆಯುತ್ತೇನೆ.

ಪಾಠದಕೋಣೆ

ಬೆರಳೋದು ಅವರೇ, ನೀವು ಹೊರಗಿನವರಲ್ಲ, ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಮಗೆ ಸಿಗುವ ಅತಿ ಹಳೆಯ ಬೆಳಕನ್ನು ಯಾವ ಕಣ್ಣೂ ಕಂಡಿಲ್ಲ. ವಿಶ್ವ ಹುಟ್ಟಿ ಸುಮಾರು 3,80,000 ವರ್ಷ ಆದಾಗ ಹೊರಟ ಬೆಳಕು ಹಿಗ್ಗಿ ಹಿಗ್ಗಿ ಮೈಕ್ರೋವೇವ್ ಆಗಿಬಿಟ್ಟಿದೆ. ಪೆನ್‌ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು 1964-65ರಲ್ಲಿ ತಮ್ಮ ರೇಡಿಯೋ ಆಂಟೆನಾದಲ್ಲಿ ಹೋಗದ ಒಂದು ಗೊರ ಗೊರ ಸದ್ದಾಗಿ ಅದನ್ನು ಮೊದಲು ಎದುರುಗೊಂಡರು. ಪಾರಿವಾಳದ ಹಿಕ್ಕೆ ಕಾರಣ ಇರಬಹುದೆಂದು ಅದನ್ನೂ ಬಳಿದು ತೆಗೆದರು. ಯಾವ ದಿಕ್ಕಿಗೆ ತಿರುಗಿಸಿದರೂ ಸದ್ದು ಒಂದೇ ಸಮ. 2015ರ ಸೆಪ್ಟೆಂಬರ್ 14ರಂದು ಮೊದಲ ಸಲ ಸಿಕ್ಕ ಗುರುತ್ವ ಅಲೆಯಂತೂ ಬೆಳಕೇ ಅಲ್ಲ. ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾದಾಗಿನ ಕಂಪನ, ಪ್ರೋಟಾನಿನ ಅಗಲಕ್ಕಿಂತಲೂ ಎಷ್ಟೋ ಕಡಿಮೆ ಅಲುಗಾಟವಾಗಿ ಭೂಮಿಗೆ ಬಂತು. ಅದು ನೋಟಕ್ಕಿಂತ ಸ್ಪರ್ಶಕ್ಕೆ ಹತ್ತಿರ.

ಮತ್ತೆ ನಿಮ್ಮ ಹಾಳೆಯ ಬಗ್ಗೆ ಒಂದು ಕೇಳಬೇಕಿದೆ. ಆ ಒರಟು, ಬಾಲದ ತುದಿಯಿಂದ ಎರಡನೇ ಚುಕ್ಕಿಗೆ ಅಂಟಿಕೊಂಡ ಹಾಗೆ ಇದೆಯಾ, ಸ್ವಲ್ಪ ಬಿಟ್ಟು ಇದೆಯಾ? ಬಿಡುವಾದಾಗ ನೋಡಿ ತಿಳಿಸಿ.

ಹಳೇಪುಟ

‘ಚುಳುಕಾದಿರಯ್ಯಾ’ ಅನ್ನುವ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಸಂಸ್ಕೃತದಲ್ಲಿ ಚುಲುಕ ಅಂದರೆ ಗುಳಿ ಮಾಡಿದ ಅಂಗೈ, ಅದರಲ್ಲಿ ನಿಲ್ಲುವಷ್ಟು ನೀರು. ಕನ್ನಡದ ಕಿವಿಗೆ ಅದು ಚಿಕ್ಕದಾಗುವುದು, ಹಗುರಾಗುವುದು.

16ನೇ ಶತಮಾನದಲ್ಲಿ ಸಫೇದ್ ಎಂಬ ಊರಿನಲ್ಲಿ ಬಾಳಿದ ಯೆಹೂದಿ ಅನುಭಾವಿ ಐಸಾಕ್ ಲೂರಿಯಾ ಇದಕ್ಕೆ ಬಹಳ ಹತ್ತಿರದ ಒಂದು ಮಾತು ಹೇಳಿದ. ಅವನು ಅದನ್ನು ಕರೆದದ್ದು ‘ತ್ಸಿಮ್‌ತ್ಸುಮ್’, ಕುಗ್ಗುವುದು. ಎಲ್ಲ ಕಡೆಯೂ ದೇವರೇ ತುಂಬಿದ್ದರೆ ಲೋಕಕ್ಕೆ ಜಾಗ ಎಲ್ಲಿ? ಆದ್ದರಿಂದ ಅನಂತ ತನ್ನನ್ನು ಒಳಗೆ ಎಳೆದುಕೊಂಡು ಜಾಗ ಬಿಟ್ಟುಕೊಟ್ಟಿತು, ಆ ತೆರವಿನಲ್ಲಿ ಲೋಕ ಹುಟ್ಟಿತು. ಅಲ್ಲಿ ಅನಂತ ಕುಗ್ಗುವುದು ದೂರ ಸರಿಯುವುದಕ್ಕೆ, ಜಾಗ ಕೊಡುವುದಕ್ಕೆ. ವಚನದಲ್ಲಿ ಕುಗ್ಗುವುದು ಹತ್ತಿರ ಬರುವುದಕ್ಕೆ. ದಿಕ್ಕು ಬೇರೆ, ಆದರೆ ಎರಡರಲ್ಲೂ ಪ್ರೀತಿಯ ಗುರುತು ಚಿಕ್ಕದಾಗುವುದೇ.

ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಈ ಹೊರಗಿನ ಆಕಾಶ ಎಷ್ಟಿದೆಯೋ ಹೃದಯದ ಒಳಗಿನ ಆಕಾಶವೂ ಅಷ್ಟೇ ಇದೆ. ಭೂಮಿ, ಬಾನು, ಸೂರ್ಯ, ಚಂದ್ರ, ಮಿಂಚು, ನಕ್ಷತ್ರ ಎಲ್ಲ ಅದರೊಳಗೆ. ಮೊದಲ ದಿನ ‘ಗಾತ್ರದಿಂದಲ್ಲ, ಓರಣದಿಂದ’ ಎಂದು ಬರೆದೆನಲ್ಲ, ಅದು ಅರ್ಧ ಮಾತಾಯಿತು ಅಂತ ಈಗ ಅನಿಸುತ್ತಿದೆ.

ಕೊನೆಬೆಂಚು

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ. ಆದರೂ ಹೇಳಬೇಕು. ಮೂರು ವರ್ಷದ ಹಿಂದೆ ನನ್ನ ತಂಗಿ ಒಂದು ಆಸ್ಪತ್ರೆಯಲ್ಲಿ 19 ದಿನ ಇದ್ದಳು. ಐಸಿಯು ಹೊರಗಿನ ಮೊಗಸಾಲೆಯಲ್ಲಿ ಒಂದು ಕಿಟಕಿ. ರಾತ್ರಿಯೆಲ್ಲ ಅಲ್ಲೇ ನಿಂತಿರುತ್ತಿದ್ದೆ. ಅಷ್ಟೂ ದಿನ ಆಕಾಶ ತೊಳೆದ ಹಾಗೆ ಶುಭ್ರವಾಗಿತ್ತು. ಅವಳು ಹೋದ ರಾತ್ರಿಯೂ. ಒಂದು ಚುಕ್ಕಿಯೂ ಅಲುಗಲಿಲ್ಲ.

ಓರಣ, ಋತ, ಗುರುತು ಎಲ್ಲ ಸರಿ. ಆ ಓರಣಕ್ಕೆ ನಮ್ಮ ಪರಿವೆಯೇ ಇಲ್ಲ. ಈ ಅನಂತ ಅಂತರಿಕ್ಷದ ಮೌನ ನನ್ನನ್ನು ಹೆದರಿಸುತ್ತದೆ ಎಂದು ಫ್ರಾನ್ಸಿನ ಚಿಂತಕ ಪ್ಯಾಸ್ಕಲ್ ಬರೆದಿದ್ದು ನನಗೆ ಅರ್ಥವಾಗುತ್ತದೆ. ನಿಮ್ಮ ಕೈ ಮುಗಿಯಿತು, ನನ್ನ ಕೈ ಕಿಟಕಿಯ ಸರಳು ಹಿಡಿದಿತ್ತು. ಅಂಥ ವಿಶ್ವವನ್ನು ಪವಿತ್ರ ಅನ್ನುವುದು ಹೇಗೆ?

ನಡೆದಷ್ಟುದಾರಿ

ಕೊನೆಬೆಂಚು ಅವರೇ, ನಿಮ್ಮ ತಂಗಿಯ ವಿಷಯ ಓದಿ ಬಹಳ ಸಂಕಟವಾಯಿತು. ಇದಕ್ಕೆ ಉತ್ತರ ಇದೆ ಅಂತ ನಾನು ಹೇಳಲಾರೆ. ಆದರೆ ನಿಮ್ಮ ಭಯ ಪವಿತ್ರತೆಗೆ ಎದುರಾದದ್ದು ಅಂತ ಅನಿಸುವುದಿಲ್ಲ.

ಗೀತೆಯ 11ನೇ ಅಧ್ಯಾಯ ನೋಡಿ. ವಿಶ್ವರೂಪ ಅಂದರೆ ಸಾವಿರ ಸೂರ್ಯರ ಬೆಳಕು ಅಂತ ನಾವು ನೆನಪಿಟ್ಟುಕೊಳ್ಳುತ್ತೇವೆ. ಅರ್ಜುನ ಕಂಡದ್ದು ಅಷ್ಟೇ ಅಲ್ಲ. ಉರಿಯುವ ಬಾಯಿಗಳು, ಅವುಗಳೊಳಗೆ ನುಗ್ಗುವ ತನ್ನವರು, ಹಲ್ಲಿನ ಸಂದಿಯಲ್ಲಿ ಸಿಕ್ಕ ತಲೆಗಳು. ಅವನು ಹಾಡಿ ಕುಣಿಯಲಿಲ್ಲ, ನಡುಗಿದ. ದಯವಿಟ್ಟು ಹಿಂದಿನ ರೂಪಕ್ಕೆ ಬಾ ಎಂದು ಬೇಡಿದ. ‘ದೃಷ್ಟ್ವೇದಂ ಮಾನುಷಂ ರೂಪಂ’, ಈ ಮನುಷ್ಯ ರೂಪ ನೋಡಿದ ಮೇಲೆ ನನಗೆ ನನ್ನ ಪ್ರಜ್ಞೆ ಬಂತು ಅನ್ನುತ್ತಾನೆ. ಬೆರಳೋದು ಅವರು ಹೇಳಿದ ‘ಚುಳುಕಾದಿರಯ್ಯಾ’ ಇಲ್ಲೂ ಇದೆ ನೋಡಿ, ಆದರೆ ಇಲ್ಲಿ ಅದು ಅಳುವ ಮನುಷ್ಯನ ಬೇಡಿಕೆ. ಜರ್ಮನಿಯ ಧರ್ಮಚಿಂತಕ ರುಡಾಲ್ಫ್ ಆಟೊ 1917ರಲ್ಲಿ, ಪವಿತ್ರ ಅನ್ನುವುದರಲ್ಲಿ ಸೆಳೆತದ ಜೊತೆ ನಡುಕವೂ ಇರುತ್ತದೆ ಎಂದ.

ಬೈಬಲಿನ ಯೋಬ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ಕಾರಣ ಕೇಳುತ್ತಾನೆ. ಬಿರುಗಾಳಿಯೊಳಗಿನಿಂದ ಬಂದ ಉತ್ತರದಲ್ಲಿ ಕಾರಣ ಇಲ್ಲ. ನಾನು ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದೆ, ಕೃತ್ತಿಕೆಯ ಕಟ್ಟನ್ನು ನೀನು ಬಿಗಿಯಬಲ್ಲೆಯಾ ಅನ್ನುವ ಪ್ರಶ್ನೆಗಳೇ ಇವೆ. ನನಗೆ ಅದು ಎಷ್ಟೋ ವರ್ಷ ಕ್ರೂರವಾಗಿ ಕಂಡಿತ್ತು. ಈಗಲೂ ಪೂರ್ತಿ ಸಮಾಧಾನ ಇಲ್ಲ. ಅವನಿಗೆ ಸಮಾಧಾನ ಹೇಳಲು ಬಂದು ‘ನಿನ್ನದೇ ಪಾಪದ ಫಲ’ ಅಂದ ಗೆಳೆಯರ ಮೇಲೆಯೇ ದೇವರಿಗೆ ಸಿಟ್ಟು ಬಂತು, ಕೇಳಿದ ಯೋಬನ ಮೇಲಲ್ಲ, ಅಷ್ಟನ್ನು ಮಾತ್ರ ಹಿಡಿದುಕೊಂಡಿದ್ದೇನೆ.

ನಾನು ಕೊನೆಗೆ ಹಿಂತಿರುಗುವುದು ಪಾಲಿ ಗ್ರಂಥಗಳ ರೋಹಿತಸ್ಸನ ಕತೆಗೆ. ಹಿಂದಿನ ಜನ್ಮದಲ್ಲಿ ಅವನು ಒಂದು ಹೆಜ್ಜೆಗೆ ಮೂಡಣ ಕಡಲಿನಿಂದ ಪಡುವಣ ಕಡಲಿಗೆ ದಾಟುವ ಋಷಿ. ಲೋಕದ ತುದಿ ಮುಟ್ಟಬೇಕೆಂದು ನೂರು ವರ್ಷ ನಡೆದ, ತುದಿ ಸಿಗದೆ ದಾರಿಯಲ್ಲೇ ಸತ್ತ. ಬುದ್ಧ ಅವನಿಗೆ ಹೇಳಿದ್ದು: ನಡೆದು ಲೋಕದ ತುದಿ ಮುಟ್ಟಲಾಗದು, ಆದರೆ ತುದಿ ಮುಟ್ಟದೆ ದುಃಖಕ್ಕೆ ಕೊನೆಯೂ ಇಲ್ಲ. ಅರಿವೂ ಮನಸ್ಸೂ ಇರುವ ಮಾರುದ್ದದ ಈ ದೇಹದಲ್ಲೇ ಲೋಕ ಇದೆ, ಅದರ ಹುಟ್ಟು ಇದೆ, ಅದರ ಕೊನೆ ಇದೆ, ಕೊನೆಗೆ ಹೋಗುವ ದಾರಿಯೂ ಇದೆ. ಒಂದು ಮಾರು, ಅಂದರೆ ಎರಡೂ ತೋಳು ಚಾಚಿದಷ್ಟು. ನಿಮ್ಮ ಆ 19 ದಿನವೂ ಅಷ್ಟರೊಳಗೇ ನಡೆದದ್ದು, ನಕ್ಷತ್ರದ ಕಡೆ ಅಲ್ಲ.

ಕೊನೆಬೆಂಚು

ಯೋಬನ ಗೆಳೆಯರ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಗೂ ಅಂಥವರು ಬಂದಿದ್ದರು.

ಕಿಟಕಿಯ ಹತ್ತಿರ ನಿಂತಿರುತ್ತಿದ್ದೆ ಅಂದೆನಲ್ಲ, ನಡುವೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಅಂಗೈ ಅವಳ ಅಂಗೈ ಕೆಳಗೆ ಇಡುತ್ತಿದ್ದೆ, ಮೇಲೆ ಇಟ್ಟರೆ ಸೂಜಿಗೆ ತಾಗುತ್ತಿತ್ತು. ಅದನ್ನು ಪವಿತ್ರ ಅನ್ನುವುದಾದರೆ ನನ್ನ ತಕರಾರಿಲ್ಲ. ಆಕಾಶದ ವಿಷಯದಲ್ಲಿ ಇನ್ನೂ ಗೊತ್ತಿಲ್ಲ.

ಗುರುತುಗಳು

ಭಾಯ್, ನಿಮ್ಮ ತಂಗಿಗಾಗಿ ಈ ಹೊತ್ತು ದುವಾ ಮಾಡಿದ್ದೇನೆ. ಬೇರೆ ಮಾತು ಬೇಡ.

ಅನಾದಿನಿಧನ

ನಾನೂ ಏನೂ ಸೇರಿಸುವುದಿಲ್ಲ. ಓದುತ್ತಿದ್ದೇನೆ.

ಇರುಳುನೋಟ

ಮತ್ತೆ ಬರೆಯುತ್ತೇನೆ ಅಂದಿದ್ದೆ. ನಿನ್ನೆ ಮತ್ತೆ ಮಹಡಿಗೆ ಹೋದೆ, ಮೋಡ. ಏನೂ ಕಾಣಲಿಲ್ಲ. ಬೆರಳೋದು ಅಕ್ಕನ ಪ್ರಶ್ನೆ ನೆನಪಾಗಿ ಸುಮ್ಮನೆ ಕಣ್ಣು ಮುಚ್ಚಿ ನಿಂತೆ. ಹಗಲಿನ ಬಿಸಿಲು ಹೀರಿದ ಗೋಡೆ ರಾತ್ರಿ ಹತ್ತೂವರೆಗೂ ಬೆಚ್ಚಗಿತ್ತು. ಸೂರ್ಯನಿಂದ ಎಂಟು ನಿಮಿಷ ಚಿಲ್ಲರೆ ಪ್ರಯಾಣ ಮಾಡಿ ಬಂದದ್ದು ನನ್ನ ಮೊಣಕೈ ಕೆಳಗೆ ಇತ್ತು. ಅವತ್ತು ದೇವಯಾನಿ ಹುಡುಕುವಾಗಲೂ ಇದೇ ಗೋಡೆಗೆ ಮೊಣಕೈ ಊರಿದ್ದೆ, ಆಗ ಅದರ ಬಿಸಿ ಗಮನಕ್ಕೇ ಬಂದಿರಲಿಲ್ಲ.

ಯಾರಿಗೆ ಕೈ ಮುಗಿದೆ ಅನ್ನುವುದಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ಅಷ್ಟು ದೂರದ್ದು ನನ್ನವರೆಗೆ ಬಂತಲ್ಲ ಅನ್ನುವುದಕ್ಕೆ ಮುಗಿದೆ, ದೂರಕ್ಕಲ್ಲ. ಸದ್ಯಕ್ಕೆ ಇಷ್ಟೇ ಹೇಳಬಲ್ಲೆ.

ಬೆರಳೋದು

ಪಾಠದಕೋಣೆ ಮೇಡಂ, ಹಾಳೆ ಹುಡುಕಿ ತೆಗೆದೆ. ಮೂಲೆಗಳು ಮೆತ್ತಗಾಗಿವೆ, ಚುಕ್ಕಿಗಳು ಗಟ್ಟಿಯಾಗಿಯೇ ಇವೆ. ಆ ಒರಟು ಚುಕ್ಕಿಗೆ ಅಂಟಿಕೊಂಡಿಲ್ಲ. ನಡುವೆ ಉಗುರಿನ ತುದಿ ಇಡುವಷ್ಟು ಜಾಗ ಇದೆ. ಯಾಕೆ ಕೇಳಿದಿರಿ?

ಪಾಠದಕೋಣೆ

ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದರ ಪಕ್ಕದಲ್ಲಿ ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಒಂದು ಚಿಕ್ಕ ನಕ್ಷತ್ರ ಇದೆ, ಅರುಂಧತಿ. ಎರಡೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ. ಎಷ್ಟೋ ಜನ ನೋಡಿಯೂ ಗಮನಿಸದೆ ಹೋಗುತ್ತಾರೆ. ಅದು ಕಾಗದದ ದೋಷ ಅಲ್ಲ. ನಿಮ್ಮ ಟೀಚರ್ ಬೇಕೆಂದೇ ಇಟ್ಟಿದ್ದಾರೆ.

ಬೆರಳೋದು

22 ವರ್ಷದಿಂದ ಅದನ್ನು ದೋಷ ಅಂದುಕೊಂಡಿದ್ದೆ. ಈಗ ಬೆರಳು ಅದರ ಮೇಲೇ ಇದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.